ಕೆರೆಯಂಗಳದ ಬೀಡುಗಳು

ಕೋಲಾರದ ಸೀಮೆಗೆ ಕಡಲಿಲ್ಲ. ವರ್ಷವಿಡೀ ತುಂಬಿ ಹರಿಯುವ ಹೊಳೆಯೂ ಇಲ್ಲ. ಪಾಲಾರು ಈ ನೆಲವನ್ನು ಹಾದುಹೋಗುವುದಾದರೂ ನದಿಯ ರೂಪದಲ್ಲಿ ಕಣ್ಣಿಗೆ ಬೀಳುವುದಕ್ಕಿಂತ ಒಂದರ ಕೆಳಗೊಂದು ಕಟ್ಟಿದ ಕೆರೆಗಳ ಸಾಲಾಗಿಯೇ ಅದು ಕಾಣುತ್ತದೆ. ಮಾಲೂರಿನ ಕಡೆಯ ದಕ್ಷಿಣ ಪಿನಾಕಿನಿಯಲ್ಲಿ ಮಳೆಗಾಲ ಕಳೆದ ಮೇಲೆ ಉಳಿಯುವುದು ಮರಳು ಮಾತ್ರ. ಆದರೂ ನೀರಿನ ಅಂಚಿನಲ್ಲಿ ಡೇರೆ ಹೂಡಿ, ಬಂಡಿಗಳನ್ನು ಸುತ್ತ ನಿಲ್ಲಿಸಿ, ಚಳಿಗಾಲದ ರಾತ್ರಿಗಳನ್ನು ಬೆಂಕಿಯ ಬಳಿಯಲ್ಲಿ ಹತ್ತಾರು ಜನ ಒಟ್ಟಿಗೆ ಕಳೆಯುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಬೆಂಗಳೂರಿನ ಚಾರಣ ಸಂಘಗಳ ತರುಣ ತರುಣಿಯರು ಈಗ ಮಾರ್ಗಶಿರ ಪುಷ್ಯಗಳ ವಾರಾಂತ್ಯಗಳಲ್ಲಿ ಗೋಕರ್ಣದ ಕಡಲತೀರಕ್ಕೆ ಹೋಗಿ ಗುಡಾರ ಹಾಕುತ್ತಾರೆ. ಅಷ್ಟು ದೂರ ಹೋಗಲಾರದವರು ಕೋಲಾರದ ಅಂತರಗಂಗೆಯ ಬೆಟ್ಟವನ್ನು ಶನಿವಾರ ರಾತ್ರಿ ಹತ್ತುತ್ತಾರೆ. ಅವರಿಗೆ ಅದು ಹೊಸ ವಿನೋದ. ಅವರು ಹಾದುಬರುವ ಹೆದ್ದಾರಿಯ ಇಕ್ಕೆಲಗಳಲ್ಲಿ ಒಂದು ಸಾವಿರ ವರ್ಷಕ್ಕೂ ಮಿಕ್ಕಿ ನಡೆದುಬಂದ ಬೀಡಾರಗಳ ಚರಿತ್ರೆಯೊಂದಿದೆಯೆಂಬುದನ್ನು ಅವರಿಗೆ ತಿಳಿಸಿದವರು ಯಾರೂ ಇಲ್ಲವಾದ್ದರಿಂದ, ಆ ಚರಿತ್ರೆಯನ್ನು ಬರೆದಿಡುವುದು ಉಚಿತವೆಂದು ನನಗೆ ತೋರುತ್ತದೆ.

ಮೊದಲು ಕಾಲದ ಮಾತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಮುಂಗಾರಿನ ಮೊದಲ ತಿಂಗಳುಗಳಲ್ಲಿ ಕೆರೆ ತುಂಬುವಷ್ಟು ಪ್ರಸಾದ ದೊರೆಯುವುದಿಲ್ಲ. ಇಲ್ಲಿಯ ಕೆರೆಗಳು ತುಂಬುವುದು ಭಾದ್ರಪದ ಆಶ್ವಯುಜಗಳ ಮಳೆಯಿಂದ ಮತ್ತು ಅದರ ಹಿಂದೆಯೇ ಪೂರ್ವದ ಕಡಲಿನಿಂದ ಬರುವ ಹಿಂಗಾರಿನಿಂದ. ಆದಕಾರಣ ಕಾರ್ತಿಕದಲ್ಲಿ ಕೋಡಿ ಹರಿದ ಕೆರೆ ಮಾರ್ಗಶಿರದಿಂದ ಮೆಲ್ಲಮೆಲ್ಲನೆ ಹಿಂಜರಿಯತೊಡಗಿ, ತಾನು ಬಿಟ್ಟುಕೊಟ್ಟ ಅಂಗಳದಲ್ಲಿ ಹಸಿರು ಗರಿಕೆಯನ್ನು ಎಬ್ಬಿಸುತ್ತದೆ. ಆ ಹೊತ್ತಿಗೆ ರಾಗಿಯ ಕುಯ್ಲು ಮುಗಿದು, ಕಣದ ಕೆಲಸವೂ ಮುಗಿಯುತ್ತ ಬಂದು, ಎತ್ತುಗಳಿಗೆ ಬಿಡುವು ದೊರೆತಿರುತ್ತದೆ. ಮನೆಯಲ್ಲಿ ಕಾಳಿರುತ್ತದೆ, ಹೊಲದಲ್ಲಿ ಸೊಗಡಿನ ಅವರೆ ಇರುತ್ತದೆ. ನೀರು, ಮೇವು, ಬಿಡುವು, ಧಾನ್ಯ ಇವು ನಾಲ್ಕೂ ಒಟ್ಟಿಗೆ ಕೂಡುವ ಕಾಲ ಈ ಸೀಮೆಯಲ್ಲಿ ವರ್ಷಕ್ಕೆ ಇದೊಂದೇ. ಊರುಬಿಟ್ಟು ಊರಿಗೆ ಹೋಗಿ ಬಯಲಲ್ಲಿ ತಂಗುವ ಪದ್ಧತಿಗಳೆಲ್ಲ, ಕಾರ್ತಿಕದ ವನಭೋಜನದಿಂದ ಹಿಡಿದು ಮಾಘದ ಕೊನೆಯ ಶಿವರಾತ್ರಿಯ ಪರಿಷೆಯವರೆಗೆ, ಈ ಮೂರು ನಾಲ್ಕು ತಿಂಗಳುಗಳಲ್ಲಿಯೇ ಒತ್ತಾಗಿ ಸೇರಿಕೊಂಡಿರುವುದಕ್ಕೆ ಕಾರಣವಿದು.

ಕಾಲವೊಂದಿದ್ದರೆ ಸಾಲದು, ಸ್ಥಳವೂ ಬೇಕಷ್ಟೆ. ಪ್ರತಿಯೊಂದು ಊರಿಗೂ ಕೆರೆಯ ಬಳಿಯಲ್ಲಿಯೋ ದಾರಿಯ ಮಗ್ಗುಲಲ್ಲಿಯೋ ಒಂದು ಗುಂಡುತೋಪಿರುತ್ತಿತ್ತು: ಮಾವು, ಹುಣಿಸೆ, ಹೊಂಗೆ, ನೇರಳೆ ಮರಗಳ ಒಂದು ಸಮೂಹ; ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ನೆರಳು. ಕೆರೆ ನೀರನ್ನೂ ಕೆರೆಯಂಗಳ ಮೇವನ್ನೂ ತೋಪು ನೆರಳನ್ನೂ ಒಣಕಟ್ಟಿಗೆಯನ್ನೂ ಕೊಡುತ್ತಿದ್ದುದರಿಂದ, ದಾರಿಹೋಕನು ಯಾರ ಅಪ್ಪಣೆಯನ್ನೂ ಬೇಡದೆ ಅಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಬಹುದಾಗಿತ್ತು. ನಾವು ಬೀಡುಬಿಟ್ಟವರ ಚರಿತ್ರೆಯನ್ನು ಬರೆಯುತ್ತೇವೆಯೇ ಹೊರತು ಬೀಡಿಗೆ ಎಡೆಮಾಡಿಕೊಟ್ಟವರ ಚರಿತ್ರೆಯನ್ನು ಬರೆಯುವುದಿಲ್ಲ. ವಾಸ್ತವವಾಗಿ ಮೊದಲನೆಯದು ಎರಡನೆಯದರ ಒಂದು ಅಧ್ಯಾಯ ಮಾತ್ರ.

ಈ ಮಾತಿಗೆ ಮುಳಬಾಗಿಲು ತಾಲ್ಲೂಕಿನ ಆವನಿಯೇ ಸಾಕ್ಷಿ. ವಾಲ್ಮೀಕಿಯ ಆಶ್ರಮ ಇದ್ದುದು, ಸೀತೆ ಲವಕುಶರನ್ನು ಹೆತ್ತುದು ಆವನಿಯ ಬೆಟ್ಟದ ಮೇಲೆಯೇ ಎಂಬುದು ಜನರ ನಂಬಿಕೆ. ಕೆಳಗಣ ರಾಮಲಿಂಗೇಶ್ವರ ದೇವಾಲಯಗಳ ಸಮುಚ್ಚಯವು ನೊಳಂಬರ ಕಾಲದ ಶಿಲ್ಪಕ್ಕೆ ಒಳ್ಳೆಯ ನಿದರ್ಶನ. ಹತ್ತನೆಯ ಶತಮಾನದಲ್ಲಿ ಈ ಸ್ಥಾನದ ಅಧಿಪತಿಯಾಗಿದ್ದ ತ್ರಿಭುವನಕರ್ತನೆಂಬ ಯತಿಯು 40 ವರ್ಷಗಳ ಕಾಲ ಇಲ್ಲಿದ್ದು 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ದೇವಾಲಯಗಳ ಸಂಖ್ಯೆಯನ್ನು ಕಂಡು ಬೆರಗಾಗುವವರು ಕೆರೆಗಳನ್ನು ಮರೆಯುವುದುಂಟು. ಆದರೆ ಬೆಟ್ಟದ ಬುಡದ ಆ ಒಣನೆಲದಲ್ಲಿ ಸಾವಿರಾರು ಜನ, ಅದಕ್ಕೂ ಹೆಚ್ಚು ದನಗಳು, ದಿನಗಟ್ಟಲೆ ನೆಲೆನಿಲ್ಲಬಹುದಾದ ಜಾತ್ರೆಯೊಂದು ಬೆಳೆಯಬೇಕಾದರೆ ದೇವರಿಗಿಂತ ಮೊದಲು ನೀರಿರಬೇಕೆಂಬುದನ್ನು ಆ ಯತಿ ಬಲ್ಲವನಾಗಿದ್ದನು.

ಆವನಿಯ ಶಿವರಾತ್ರಿಯ ದನಗಳ ಪರಿಷೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಈ ಸೀಮೆಯ ಬೀಡಾರದ ಕಲೆ ಅದರ ಪರಿಪೂರ್ಣ ರೂಪದಲ್ಲಿ ಕಾಣುತ್ತಿದ್ದುದು ಅಲ್ಲಿಯೇ. ರಥೋತ್ಸವಕ್ಕೆ ಎಷ್ಟೋ ದಿನ ಮುಂಚೆಯೇ ರೈತರು ಹಳ್ಳಿಕಾರ್ ಹೋರಿಗಳನ್ನೂ ಜೋಡಿ ಎತ್ತುಗಳನ್ನೂ ಹೊಡೆದುಕೊಂಡು ಬರುತ್ತಿದ್ದರು. ಮೊದಲು ಬಂದವನಿಗೆ ಮರದಡಿಯ ಎಡೆ, ಅನಂತರ ಬಂದವನಿಗೆ ಬಯಲು. ಬೆಲೆಬಾಳುವ ಜೋಡಿಯನ್ನು ತಂದ ಸ್ಥಿತಿವಂತನು ಚಪ್ಪರ ಹಾಕಿಸಿ, ಮಾವಿನ ತೋರಣ ಕಟ್ಟಿಸಿ, ಎತ್ತುಗಳಿಗೆ ಗೆಜ್ಜೆ ಜೂಲುಗಳನ್ನು ತೊಡಿಸಿ ನಿಲ್ಲಿಸುವನು. ಬಡವನು ಬಂಡಿಯ ನೊಗವನ್ನು ನೆಲಕ್ಕೊರಗಿಸಿ, ಅದರಡಿಯಲ್ಲಿ ಹುಲ್ಲು ಹರಡಿ, ಕಂಬಳಿ ಹೊದ್ದು, ತನ್ನ ದನಗಳ ಉಸಿರಿನ ಬೆಚ್ಚಗೆಯಲ್ಲಿ ಮಲಗುವನು. ಬೆಳಗಿನ ಇಬ್ಬನಿ ಕರಗುವ ಮುನ್ನವೇ ಎತ್ತುಗಳ ಮೈತಿಕ್ಕಿ ನೀರು ಕುಡಿಸುವ ಕೆಲಸ. ಹೊತ್ತು ಏರಿದಂತೆ ದಲ್ಲಾಳಿಗಳ ಓಡಾಟ. ವ್ಯಾಪಾರವಾಗುತ್ತಿದ್ದುದು ಬಾಯಿಂದಲ್ಲ, ಟವಲಿನ ಮರೆಯಲ್ಲಿ ಬೆರಳು ಹಿಡಿದು. ಸುತ್ತ ನಿಂತ ನೂರು ಜನಕ್ಕೂ ಬೆಲೆ ತಿಳಿಯುತ್ತಿರಲಿಲ್ಲ, ಕೊಟ್ಟವನಿಗೂ ಕೊಂಡವನಿಗೂ ತಿಳಿದಿದ್ದರೆ ಸಾಕು. ಗಡಿಯಾಚೆಯ ತೆಲುಗರೂ ತಮಿಳರೂ ಬರುತ್ತಿದ್ದರು. ಕೋಲಾರದ ಸೀಮೆಯವರಿಗೆ ಕನ್ನಡ ತೆಲುಗುಗಳೆರಡೂ ಮನೆಯ ಮಾತುಗಳಾದ್ದರಿಂದ ಯಾರಿಗೂ ಯಾರೂ ಪರಕೀಯರೆನಿಸುತ್ತಿರಲಿಲ್ಲ. ಸಂಜೆಗೆ ಒಲೆಗಳು ಹೊತ್ತಿ, ಮುದ್ದೆಯ ಕೋಲು ತಿರುಗಿ, ಹುರುಳಿಯ ಸಾರಿನದೋ ಹಿದುಕಿದ ಅವರೆಬೇಳೆಯದೋ ಕಂಪು ಬೀಡಿನಿಂದ ಬೀಡಿಗೆ ಹರಡುವುದು. ರಾತ್ರಿ ಬಯಲಾಟವೋ ಭಜನೆಯೋ ಹರಿಕಥೆಯೋ ಇರುವುದು. ವರ್ಷಕ್ಕೊಮ್ಮೆ ಮಾತ್ರ ಸಂಧಿಸುವ ದೂರದ ನಂಟರು ಅಲ್ಲಿ ಮದುವೆಗಳ ಮಾತುಕತೆಯನ್ನೂ ಮುಗಿಸಿಕೊಳ್ಳುತ್ತಿದ್ದರು. ಸದಸ್ಯರ ಪಟ್ಟಿಯಾಗಲಿ ವಂತಿಗೆಯಾಗಲಿ ಇಲ್ಲದೆ, ಪ್ರತಿವರ್ಷ ಅದೇ ಊರಿನವರು ಅದೇ ಮರದಡಿಗೆ ಬಂದು ಸೇರುತ್ತಿದ್ದ ಆ ಕೂಟಕ್ಕೆ ಸಂಘವೆಂಬ ಹೆಸರೊಂದು ಇರಲಿಲ್ಲ. ಸಂಘಕ್ಕಿರಬೇಕಾದ ಸ್ಮೃತಿ, ನಿಯಮ, ಸೌಹಾರ್ದಗಳೆಲ್ಲವೂ ಇದ್ದುವು.

ಪರಿಷೆಯ ಬೀಡು ಮೊದಲನೆಯದಾದರೆ ಎರಡನೆಯದು ಯಾತ್ರಿಕರ ಬೀಡು. ಮೈಸೂರಿನ ಪ್ರಸ್ಥಭೂಮಿಯಿಂದ ತಿರುಪತಿಗೆ ಇಳಿಯುವ ಹಳೆಯ ದಾರಿ ಕೋಲಾರ, ಮುಳಬಾಗಿಲು, ನಂಗಲಿಗಳ ಮೂಲಕ ಸಾಗುತ್ತಿತ್ತು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ರಾಜ್ಯದ ಮೂಡಣ ಎಲ್ಲೆಯೆಂದು ಹೇಳುವ ನಂಗಲಿ ಇದೇ. ಮುಳಬಾಗಿಲಿಗೆ ಬಂದ ಯಾತ್ರಿಕರು ನರಸಿಂಹತೀರ್ಥದಲ್ಲಿ ಮಿಂದು, ಊರ ಆಂಜನೇಯನ ದರ್ಶನ ಮಾಡಿಕೊಂಡು, ಆಮೇಲೆ ಘಟ್ಟವಿಳಿಯುವುದು ಸಂಪ್ರದಾಯ. ನರಸಿಂಹತೀರ್ಥದಲ್ಲಿಯೇ ಹದಿನೈದನೆಯ ಶತಮಾನದ ಶ್ರೀಪಾದರಾಜರ ಬೃಂದಾವನವಿದೆ. ವ್ಯಾಸರಾಯರಂಥ ಶಿಷ್ಯರನ್ನು ಪಡೆದ ಆ ಯತಿಗಳು, ಕನ್ನಡದಲ್ಲಿ ಹಾಡುವುದನ್ನು ಮಠದ ಘನತೆಗೆ ಕುಂದೆಂದು ಭಾವಿಸದ ಹಿರಿಯರು, ಗಂಗೆಯನ್ನೇ ಈ ತೀರ್ಥಕ್ಕೆ ಬರಮಾಡಿಕೊಂಡರೆಂದು ಭಕ್ತರು ಹೇಳುತ್ತಾರೆ. ನೀರಿಗೆ ಬಡತನವಿರುವ ನಾಡಿನಲ್ಲಿ ಮಹಾತ್ಮರ ಮಹಿಮೆ ನೀರಿನ ರೂಪದಲ್ಲಿಯೇ ಪ್ರಕಟವಾಗುವುದು ಸಹಜವಾದುದು. 1887ರಲ್ಲಿ ಈ ಊರಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ತಮ್ಮ ಬಾಲ್ಯದ ಮುಳಬಾಗಿಲನ್ನು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಚಿತ್ರಿಸಿರುವುದನ್ನು ಓದಿದವರಿಗೆ, ಹೊರಗಿನಿಂದ ಬಂದವರನ್ನು ಹೊತ್ತಿಗೆ ತಕ್ಕಂತೆ ಆದರಿಸುವುದು ಆ ಊರಿನ ನಿತ್ಯಧರ್ಮವಾಗಿತ್ತೆಂಬುದು ಮನವರಿಕೆಯಾಗದಿರದು. ಎತ್ತಿನ ಗಾಡಿಯ ಒಂದು ದಿನದ ದಾರಿಗೆ ಒಂದರಂತೆ ಛತ್ರಗಳು, ನಡುವೆ ಅರವಟ್ಟಿಗೆಗಳು, ಛತ್ರ ತುಂಬಿದರೆ ತೋಪು: ಹೀಗೆ ಆ ದಾರಿ ನಡೆಯುವವನ ಅಳತೆಗೆ ನಿರ್ಮಿತವಾಗಿತ್ತು.

ಇಷ್ಟರಿಂದ ಇದೆಲ್ಲವೂ ಸುಖದ ಚರಿತ್ರೆಯೆಂದು ಯಾರೂ ಭಾವಿಸಬಾರದು. ಯಾತ್ರಿಕನಿಗೆ ಒದಗಿದ ದಾರಿ ದಂಡಿಗೂ ಒದಗಿತು. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಕುಮಾರ ಕಂಪಣನು ದಕ್ಷಿಣದ ದಂಡಯಾತ್ರೆಗೆ ಹೊರಟು, ಮುಳಬಾಗಿಲಿನಲ್ಲಿ ಕೆಲವು ದಿನ ವಿಶ್ರಮಿಸಿ, ಆಮೇಲೆ ಪಾಲಾರಿನ ದಂಡೆಯ ವಿರಿಂಚಿಪುರದಲ್ಲಿ ಪಾಳೆಯ ಬಿಟ್ಟುದನ್ನು ಆತನ ರಾಣಿ ಗಂಗಾದೇವಿಯೇ ‘ಮಧುರಾವಿಜಯ’ವೆಂಬ ಸಂಸ್ಕೃತ ಕಾವ್ಯದಲ್ಲಿ ವರ್ಣಿಸಿದ್ದಾಳೆ. ಅಲ್ಲಿಂದ ನಾಲ್ಕು ಶತಮಾನಗಳ ತರುವಾಯ, 1768ರ ಅಕ್ಟೋಬರಿನಲ್ಲಿ, ಇದೇ ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿಗೂ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್ಡನಿಗೂ ಘೋರವಾದ ಕಾಳಗವಾಯಿತು.

ಚಳಿಗಾಲದ ಬೀಡುಗಳಲ್ಲೆಲ್ಲ ಅತ್ಯಂತ ಗಂಭೀರವಾದುದು 1782ರದು. ಕೋಲಾರದ ಫೌಜುದಾರನಾಗಿದ್ದ ಫತೇ ಮಹಮ್ಮದನ ಮಗನಾಗಿ ಬೂದಿಕೋಟೆಯಲ್ಲಿ ಹುಟ್ಟಿದ ಹೈದರನು ಆ ವರ್ಷದ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಬೆನ್ನುಹುಣ್ಣಿನಿಂದ ತೀರಿಕೊಂಡನು. ಮಗ ಟಿಪ್ಪು ಪಡುಗಡಲ ತೀರದಲ್ಲಿ, ಮಲಬಾರಿನ ಯುದ್ಧದಲ್ಲಿದ್ದನು. ಒಡೆಯ ಸತ್ತನೆಂಬುದು ತಿಳಿದರೆ ದಂಡು ಚದರಿಹೋಗುವುದೆಂಬ ಭಯದಿಂದ ಪೂರ್ಣಯ್ಯ ಕೃಷ್ಣರಾಯರೇ ಮೊದಲಾದ ಮಂತ್ರಿಗಳು ಸಾವನ್ನು ಗೋಪ್ಯವಾಗಿಟ್ಟು, ದೇಹವನ್ನು ಸುಗಂಧದ್ರವ್ಯಗಳೊಡನೆ ಪೆಟ್ಟಿಗೆಯಲ್ಲಿರಿಸಿ, ಬೆಲೆಯುಳ್ಳ ಸಾಮಗ್ರಿಯೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಡೇರೆಗಳು ಎಂದಿನಂತೆ ನಿಂತಿದ್ದುವು. ಅಪ್ಪಣೆಗಳು ಎಂದಿನಂತೆ ಹೊರಡುತ್ತಿದ್ದುವು. ಆ ಶವವೊಂದು ಮಾತ್ರ ಘಟ್ಟವನ್ನು ಹತ್ತಿ, ತಂದೆಯ ಗೋರಿಯ ಮಗ್ಗುಲಿಗೆ ಬಂದು, ಶ್ರೀರಂಗಪಟ್ಟಣಕ್ಕೆ ಒಯ್ಯುವವರೆಗೆ ಅಲ್ಲಿಯೇ ಇತ್ತು. ಅಂದು ಆ ರಹಸ್ಯವನ್ನು ಕಾಪಾಡಿದ ಪೂರ್ಣಯ್ಯನೇ ಮುಂದೆ ಮೈಸೂರಿನ ದಿವಾನನಾಗಿ, ಪಾಪನಪಲ್ಲಿಯೆಂಬ ಊರಿಗೆ ತನ್ನ ಮಗನ ಹೆಸರಿನಿಂದ ಶ್ರೀನಿವಾಸಪುರವೆಂದು ನಾಮಕರಣ ಮಾಡಿದವನು.

1791ರ ಚಳಿಗಾಲದ ಕೊನೆಗೆ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಮೊಗಲಿಯ ಘಟ್ಟ ಹತ್ತಿ ಮುಳಬಾಗಿಲು ಕೋಲಾರಗಳ ಮೇಲೆ ಹಾದು ಮಾರ್ಚ್ 5ರಂದು ಬೆಂಗಳೂರಿನ ಮುಂದೆ ನಿಂತಿತು. ಅಂಥ ದಂಡು ಒಂದು ರಾತ್ರಿ ತಂಗಿದ ಊರಿನಲ್ಲಿ ಮರುದಿನ ಏನುಳಿಯುತ್ತಿತ್ತು? ಮೇವಿನ ಬಣವೆ ಆನೆ ಕುದುರೆಗಳ ಪಾಲು, ತೋಪಿನ ಕೊಂಬೆಗಳು ಒಲೆಯ ಪಾಲು, ಕೆರೆಯ ನೀರು ಕಲಕಿ ಕೆಸರು. ಯುದ್ಧಚರಿತ್ರೆಗಳು ಕೋಟೆಗಳ ಪತನವನ್ನು ದಿನಾಂಕದೊಡನೆ ಬರೆದಿಡುತ್ತವೆ. ತೋಪುಗಳ ಪತನವನ್ನು ಬರೆದವರಿಲ್ಲ.

ದಂಡುಗಳ ಕಾಲ ಮುಗಿದ ಮೇಲೆ ಅಧಿಕಾರಿಗಳ ಮೊಕ್ಕಾಮು ಬಂದಿತು. ಬ್ರಿಟಿಷ್ ಕಮಿಷನರ್ ಆಳ್ವಿಕೆಯಿಂದ ಹಿಡಿದು ಮಹಾರಾಜರ ಆಳ್ವಿಕೆಯ ಕೊನೆಯವರೆಗೆ ಅಮಲ್ದಾರರೂ ಅಸಿಸ್ಟೆಂಟ್ ಕಮಿಷನರರೂ ಡೆಪ್ಯುಟಿ ಕಮಿಷನರರೂ ಚಳಿಗಾಲದಲ್ಲಿ ತಾಲ್ಲೂಕುಗಳನ್ನು ಸುತ್ತಿ, ತೋಪಿನಲ್ಲಿ ರಾವುಟಿ ಹೊಡೆಸಿ, ಅಲ್ಲಿಯೇ ಜಮಾಬಂದಿ ನಡೆಸುತ್ತಿದ್ದರು. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರನ್ನು ಕನ್ನಡಿಗರೆಲ್ಲರ ಬಾಯಲ್ಲಿ ನೆಲೆಗೊಳಿಸಿದ ವೆಂಕಟೇಶ ಅಯ್ಯಂಗಾರ್ಯರು ಈ ಬಗೆಯ ಅಧಿಕಾರವನ್ನು ಹಲವು ವರ್ಷ ನಿರ್ವಹಿಸಿದವರು. ಅವರ ಕಥೆಗಳಲ್ಲಿ ಹಳ್ಳಿಯ ಸಾಮಾನ್ಯರು ಅಷ್ಟು ಸಜೀವವಾಗಿ ಮಾತನಾಡುವುದಕ್ಕೆ, ಕಛೇರಿಯ ಮೇಜಿನಾಚೆಗೆ ಮರದಡಿಯಲ್ಲಿ ಕೇಳಿದ ಮಾತುಗಳೂ ಒಂದು ಕಾರಣವಾಗಿರಬೇಕೆಂದು ನಾನು ನಂಬುತ್ತೇನೆ. ಆದರೆ ಈ ಮೊಕ್ಕಾಮುಗಳಿಗೆ ನೀರು ಹೊತ್ತವರು, ಸೌದೆ ಸೀಳಿದವರು, ಡೇರೆಯ ಗೂಟ ಬಡಿದವರು ಊರಿನ ತೋಟಿ ತಳವಾರ ನೀರುಗಂಟಿಗಳು. ಬಿಟ್ಟಿಯೆಂಬ ಕ್ರೂರವಾದ ಪದ್ಧತಿ ಅವರ ಹೆಗಲಿನ ಮೇಲೆ ಎಷ್ಟು ಕಾಲ ಕುಳಿತಿತ್ತೆಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ. ವರ್ಷವಿಡೀ ತೂಬು ಕಾದು, ಏರಿಯ ಮೇಲೆ ರಾತ್ರಿ ತಿರುಗಿ, ಕೋಡಿ ಬಿದ್ದಾಗ ಊರನ್ನೆಬ್ಬಿಸುತ್ತಿದ್ದ ನೀರುಗಂಟಿ ಬಹುಮಟ್ಟಿಗೆ ದಲಿತನು. ಅವನು ಕಾದ ನೀರಿನ ಎಲ್ಲ ಮೆಟ್ಟಿಲುಗಳೂ ಅವನಿಗೆ ತೆರೆದಿರಲಿಲ್ಲ. ಗುಂಡುತೋಪು ಎಲ್ಲರ ನೆರಳೆಂದು ಮೇಲೆ ಹೇಳಿದೆನಷ್ಟೆ; ಆ ‘ಎಲ್ಲರ’ ಒಳಗೆ ಈ ಅಂತರವೊಂದು ಇದ್ದುದನ್ನು ಮುಚ್ಚಿಡುವುದು ಚರಿತ್ರೆಗೆ ದ್ರೋಹ.

ಬೀಡಾರಗಳ ಇಳಿಗಾಲ ಆರಂಭವಾದುದು ರೈಲಿನಿಂದ. 1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ ಮಾಲೂರಿನ ಮೇಲೆ ರೈಲು ಓಡತೊಡಗಿತು. ಮುಳಬಾಗಿಲು ಆ ದಾರಿಯಿಂದ ಹೊರಗುಳಿಯಿತು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಸಣ್ಣ ರೈಲು ಬಂದಿತು. ಹಲವು ದಿನಗಳ ದಾರಿ ಒಂದು ದಿನದ್ದಾದ ಮೇಲೆ ನಡುದಾರಿಯ ರಾತ್ರಿಗಳು ಇಲ್ಲವಾದುವು. ಬಸ್ಸುಗಳು ಉಳಿದುದನ್ನು ಮುಗಿಸಿದುವು.

ವಿಚಿತ್ರವೆಂದರೆ, ನಮ್ಮಲ್ಲಿ ಬೀಡಾರವು ಅವಶ್ಯಕತೆಯ ಪಟ್ಟಿಯಿಂದ ಜಾರಿಹೋಗುತ್ತಿದ್ದ ಸುಮಾರು ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅದು ಸಂತೋಷದ ಪಟ್ಟಿಗೆ ಸೇರಿತು. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿಯು 1901ರಲ್ಲಿ ಸೈಕಲ್ ಸವಾರರ ಬೀಡಾರ ಸಂಘವೊಂದನ್ನು ಸ್ಥಾಪಿಸಿದನು. ಇಂದು ಲೋಕದಾದ್ಯಂತ ಹಬ್ಬಿರುವ ಇಂಥ ಸಂಘಗಳಿಗೆ ಅದೇ ಹಿರಿಯದು. ಅವನು ಬಾಲಕನಾಗಿದ್ದಾಗ, 1853ರಲ್ಲಿ, ಅಮೆರಿಕದ ಮಹಾಬಯಲನ್ನು ಬಂಡಿಗಳ ಸಾಲಿನೊಡನೆ ದಾಟಿದ್ದವನು. ಹಾಗೆ ನೋಡಿದರೆ ಅವನ ವಿದ್ಯೆಯ ಮೂಲವೂ ಬಂಡಿಯ ಅಡಿಯಲ್ಲಿ ಮಲಗಿ ಕಲಿತದ್ದೇ. ಆವನಿಯ ರೈತನಿಗೂ ಅವನಿಗೂ ಈ ಒಂದು ವಿಷಯದಲ್ಲಿ ಸಹಪಾಠಿತ್ವವುಂಟು. ಬೆಂಗಳೂರಿನ ತರುಣರು ಅಂತರಗಂಗೆಗೆ ಬರುವುದು ಆ ಪಾಶ್ಚಾತ್ಯ ಪರಂಪರೆಯ ಕವಲಾಗಿ. ಶತಶೃಂಗ ಪರ್ವತದ ಆ ಎಡೆಯಲ್ಲಿ ಕಾಶೀವಿಶ್ವೇಶ್ವರನ ಸನ್ನಿಧಿಯೂ ಕಲ್ಲಬಸವನ ಬಾಯಿಂದ ಬೀಳುವ ನೀರೂ ಇವೆ; ಮೇಲೆ ಗವಿಗಳಿವೆ, ತೇರಹಳ್ಳಿಯಂಥ ಊರುಗಳಿವೆ. ಕಾರ್ತಿಕ ಸೋಮವಾರಗಳಲ್ಲಿ ಬುತ್ತಿ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಸಂಸಾರಗಳ ದಾರಿಯೂ ಟಾರ್ಚು ಹಿಡಿದು ಬಂಡೆ ಹತ್ತುವ ಈ ಮಕ್ಕಳ ದಾರಿಯೂ ಒಂದೇ ಬೆಟ್ಟದ್ದು. ಅವರು ಬರಲಿ, ಬಯಲಿನಲ್ಲಿ ಒಂದು ರಾತ್ರಿ ಕಳೆದವನಿಗೆ ನೆಲದ ಮೇಲೆ ಹುಟ್ಟುವ ಪ್ರೀತಿ ಪುಸ್ತಕದಿಂದ ಹುಟ್ಟುವುದಿಲ್ಲ.

ಆದರೆ ಅವರು ಬೆಟ್ಟದ ಮೇಲೆಯೇ ಏಕೆ ತಂಗಬೇಕು, ಕೆಳಗಣ ಕೆರೆಗಳ ಬಳಿ ಏಕೆ ತಂಗಲಾರರು ಎಂದು ಕೇಳಿಕೊಂಡರೆ ನಮ್ಮ ಕಾಲದ ದುಃಖ ಎದುರಾಗುತ್ತದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರ್ಪಡುವ ಮುನ್ನ ಕೋಲಾರ ಜಿಲ್ಲೆಯಲ್ಲಿ 4000ಕ್ಕೂ ಹೆಚ್ಚು ಕೆರೆಗಳಿದ್ದುವು. ಗ್ರಾಮಾಧಿಕಾರಗಳ ರದ್ದತಿಯ 1961ರ ಕಾಯಿದೆಯು ವಂಶಪಾರಂಪರ್ಯದ ಅನ್ಯಾಯವನ್ನು ಕೊನೆಗಾಣಿಸಿದುದು ಸರಿಯಾದ ಕೆಲಸವೇ. ಆದರೆ ನೀರುಗಂಟಿಯ ಕೆಲಸವನ್ನು ಗೌರವದ ಸಂಬಳದೊಡನೆ ಮುಂದುವರಿಸುವ ಏರ್ಪಾಡನ್ನು ಯಾರೂ ಮಾಡಲಿಲ್ಲ. ಹೂಳು ತುಂಬಿತು, ಕಾಲುವೆಗಳು ಮುಚ್ಚಿದುವು, ಕೊಳವೆಬಾವಿಗಳು ಸಾವಿರ ಅಡಿ ಮೀರಿ ಇಳಿದುವು. ತೋಪುಗಳ ಜಾಗಕ್ಕೂ ರಾಗಿಯ ಹೊಲಗಳ ಜಾಗಕ್ಕೂ ನೀಲಗಿರಿ ಬಂದಿತು. ಮಾಲೂರಿನ ಕಡೆ ಹೋದವರು ಮೈಲಿಗಟ್ಟಲೆ ಅದನ್ನು ಕಂಡಿದ್ದಾರೆ. ಅದರಡಿಯಲ್ಲಿ ಹುಲ್ಲಿಲ್ಲ, ಹಕ್ಕಿ ವಿರಳ, ನೆರಳೂ ನೆರಳಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಶ್ರೀನಿವಾಸಪುರದವರು ಮಾತ್ರ ಮಾವನ್ನು ಬಿಡಲಿಲ್ಲ. ಪುಷ್ಯ ಮಾಘಗಳಲ್ಲಿ ಆ ತಾಲ್ಲೂಕಿನ ದಾರಿಗಳಲ್ಲಿ ಹೂವಿನ ಗಮಲು ಇಂದಿಗೂ ತುಂಬಿರುತ್ತದೆ. ಆದರೆ ಅವು ಬೇಲಿ ಹಾಕಿದ ಖಾಸಗಿ ತೋಟಗಳು, ದಾರಿಹೋಕನ ತೋಪುಗಳಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯು ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, 126 ಕೆರೆಗಳನ್ನು ತುಂಬಿಸುವ ಸಂಕಲ್ಪದಿಂದ ಕೋಲಾರಕ್ಕೆ ಹರಿಸುತ್ತಿದೆ. ಒಣಗಿ ಬಿರಿದಿದ್ದ ಅಂಗಳಗಳಲ್ಲಿ ನೀರು ಕಂಡ ರೈತನ ಸಂತೋಷವನ್ನು ನಾನು ಅಲ್ಲಗಳೆಯಲಾರೆ. ಬಾವಿಗಳಿಗೆ ಜೀವ ಬಂದುದು ಸಣ್ಣ ಮಾತಲ್ಲ. ಆದರೂ ಅದು ಮೀಯುವ ನೀರಲ್ಲ, ಮಗುವಿಗೆ ಕುಡಿಸುವ ನೀರಲ್ಲ, ಮುದ್ದೆಗೆ ಎಸರಿಡುವ ನೀರಲ್ಲ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಈ ಜಿಲ್ಲೆಯವರು ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. 2021ರ ಕೊನೆಯ ಮಳೆಗಳಿಗೆ ಕೋಲಾರಮ್ಮನ ಕೆರೆ ಕೋಡಿ ಹರಿದಾಗ ಊರಿಗೆ ಊರೇ ಹೋಗಿ ಏರಿಯ ಮೇಲೆ ನಿಂತು ನೋಡಿತು. ಆಕಾಶದ ನೀರಿಗೂ ಕೊಳವೆಯ ನೀರಿಗೂ ಇರುವ ಭೇದವನ್ನು ಜನಕ್ಕೆ ಯಾರೂ ವಿವರಿಸಬೇಕಾಗಿಲ್ಲ.

ತಿರುಪತಿಗೆ ನಡೆದು ಹೋಗುವವರು ಈಗಲೂ ಇದ್ದಾರೆ. ಚಳಿಗಾಲದಲ್ಲಿ ಬೆಂಗಳೂರಿನಿಂದಲೂ ಸುತ್ತಣ ಊರುಗಳಿಂದಲೂ ಹೊರಟ ತಂಡಗಳು ಹೆದ್ದಾರಿಯ ಅಂಚಿನಲ್ಲಿ ಗೋವಿಂದನಾಮ ಹೇಳುತ್ತ ಕೋಲಾರವನ್ನೂ ಮುಳಬಾಗಿಲನ್ನೂ ದಾಟುತ್ತವೆ. ಅವರಿಗೆ ಅನ್ನವನ್ನೋ ಮಜ್ಜಿಗೆಯನ್ನೋ ಕೊಡುವ ಊರಿನವರೂ ಇದ್ದಾರೆ. ಆದರೆ ಹಾಸಿಗೆ ಪಾತ್ರೆಗಳ ಜೊತೆಗೆ ಕುಡಿಯುವ ನೀರೂ ಹಿಂದೆ ಲಗೇಜು ಗಾಡಿಯಲ್ಲಿ ಬರಬೇಕು; ರಾತ್ರಿಗೆ ಕಲ್ಯಾಣಮಂಟಪವನ್ನೋ ಶಾಲೆಯ ಜಗಲಿಯನ್ನೋ ಹುಡುಕಬೇಕು. ಆ ದಾರಿಯ ಎಷ್ಟೋ ಊರುಗಳ ಪಹಣಿಯಲ್ಲಿ ಗುಂಡುತೋಪಿನ ಸರ್ವೆ ನಂಬರು ಇನ್ನೂ ಗುಂಡುತೋಪೆಂದೇ ಇದೆ. ಮರಗಳಿಲ್ಲ, ಹೆಸರಿದೆ, ನೆಲವೂ ಒತ್ತುವರಿಯಾಗದೆ ಉಳಿದ ಕಡೆ ಉಳಿದಿದೆ. ಉದ್ಯೋಗ ಖಾತರಿಯ ಹಣದಿಂದ ಕೆರೆಯ ಹೂಳು ತೆಗೆಸುವುದಕ್ಕೂ ಗಿಡ ನೆಡಿಸುವುದಕ್ಕೂ ಗ್ರಾಮಪಂಚಾಯಿತಿಗಳಿಗೆ ಅವಕಾಶ ಕೊಟ್ಟಿದ್ದಾರೆ. ಹುಣಿಸೆ ನೆರಳು ಕೊಡುವಷ್ಟು ಬೆಳೆಯಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ, ಹೊಂಗೆಗೆ ಅದಕ್ಕಿಂತ ಕಡಮೆ ಸಾಕು. ಈ ಆಶ್ವಯುಜದ ಮಳೆಗೆ ನೆಡುವ ಊರಿನವರು ಮೊದಲು ಹೊಂಗೆಯನ್ನೇ ನೆಡಲಿ.